ಚಿಯರ್ ಶಾಸ್ತ್ರ ಪ್ರವೇಶಿಕೆ: ಡಲ್ಲಾಸ್ ಸೀಮೆಯ ತಂದೆತಾಯಿಗಳ ಉಪಯೋಗಾರ್ಥ

ನಮ್ಮ ಪೂರ್ವಿಕರು ಅರವತ್ತನಾಲ್ಕು ವಿದ್ಯೆಗಳನ್ನು ಎಣಿಸಿಟ್ಟರು. ಆದರೆ ಎಂಟು ವರ್ಷದ ಒಂದು ಮಗುವನ್ನು ಅದೇ ವಯಸ್ಸಿನ ಮೂರು ಮಕ್ಕಳು ಅಂಗೈ ಮೇಲೆ ಎತ್ತಿ ನಿಲ್ಲಿಸುವ, ಎತ್ತಿಸಿಕೊಂಡ ಮಗು ನಗುತ್ತಲೇ ಇರಬೇಕೆನ್ನುವ ವಿದ್ಯೆ ಆ ಪಟ್ಟಿಯಲ್ಲಿಲ್ಲ. ಲೋಪ ತುಂಬುವುದೇ ಈ ಗ್ರಂಥದ ಪ್ರಯೋಜನ. ವಿಷಯ: ಮಕ್ಕಳ ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್. ಅಧಿಕಾರಿಗಳು: ಪ್ಲೇನೋ, ಫ್ರಿಸ್ಕೋ ಮುಂತಾದ ಟೆಕ್ಸಸ್ ಕ್ಷೇತ್ರಗಳಲ್ಲಿ ಮನೆ ಮಾಡಿ, ಮಗಳು ಶಾಲೆಯಿಂದ ಬಂದವಳೇ ‘ನಾನೂ ಚಿಯರ್‌ಗೆ ಸೇರ್ತೀನಿ’ ಎಂದದ್ದಕ್ಕೆ ಯೋಚಿಸದೆ ತಲೆಯಾಡಿಸಿದವರು. ಸಂಬಂಧ: ಜಿಮ್ಮಿಗೂ ಕ್ರೆಡಿಟ್ ಕಾರ್ಡಿಗೂ ಪ್ರತಿ ತಿಂಗಳ ಒಂದನೇ ತಾರೀಖು ಏರ್ಪಡುವಂಥದು.

ಇಲ್ಲಿ ಪೂರ್ವಪಕ್ಷ ಮೈಸೂರಿನಿಂದ ಫೋನಿನಲ್ಲಿ ಬರುತ್ತದೆ. ‘ಐಪಿಎಲ್‌ನಲ್ಲಿ ಸಿಕ್ಸರ್ ಹೊಡೆದಾಗ ಕುಣೀತಾರಲ್ಲ, ಅದಾ? ನಮ್ಮ ಮಗೂಗಾ?’ ಎಂಬುದು ಅಜ್ಜಿಯ ಆಕ್ಷೇಪ. ನಿರಾಧಾರವಲ್ಲ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಐಪಿಎಲ್‌ನ ಮೊದಲ ಪಂದ್ಯಕ್ಕೆ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳು ಬಂದಿಳಿದಾಗ ಕನ್ನಡಿಗರ ಕಣ್ಣಿಗೆ ಬಿದ್ದ ಚಿತ್ರ ಇಂದಿಗೂ ಅಳಿಸಿಲ್ಲ. ಸಿದ್ಧಾಂತಿಯ ಉತ್ತರ: ಅದು ಬೇರೆ, ಇದು ಬೇರೆ. ಇಲ್ಲಿ ಸಿಕ್ಸರ್ ಇಲ್ಲ, ಬ್ಯಾಟ್ ಇಲ್ಲ, ಯಾರ ಪರವಾಗಿ ಕೂಗಬೇಕೋ ಆ ತಂಡವೇ ಇಲ್ಲ.

ಹಾಗಾದರೆ ಕೂಗುವುದು ಯಾರಿಗಾಗಿ? ಇತಿಹಾಸ ನೋಡಬೇಕು. 1898ರ ನವೆಂಬರ್‌ನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಸೋತು ಸುಣ್ಣವಾಗಿದ್ದ ಕಾಲದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಅವರಿಂದ ಘೋಷಣೆ ಹಾಕಿಸಿದ, ತಂಡ ಗೆದ್ದಿತು. ಮುಂದೆ ಬಹುಕಾಲ ಇದು ಗಂಡಸರ ಕಸುಬು. ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್, ರೇಗನ್, ಕಿರಿಯ ಬುಷ್ ಮೂವರೂ ಓದುವ ಕಾಲದಲ್ಲಿ ಚಿಯರ್‌ಲೀಡರ್‌ಗಳೇ. ಇದರಿಂದ ಮಗಳು ಶ್ವೇತಭವನ ಸೇರುತ್ತಾಳೆಂದು ಅನುಮಾನ ಪ್ರಮಾಣದಿಂದ ಸಾಧಿಸಬಹುದು. ಕೆಲವು ತಂದೆಯರು ಸಾಧಿಸಿಯೂ ಇದ್ದಾರೆ. 1948ರಲ್ಲಿ ಲಾರೆನ್ಸ್ ಹರ್ಕಿಮರ್ ಚಿಯರ್‌ಲೀಡರ್‌ಗಳಿಗಾಗಿಯೇ ರಾಷ್ಟ್ರೀಯ ಸಂಘ ಕಟ್ಟಿದರು. ‘ಹರ್ಕಿ’ ಎಂಬ ಜಿಗಿತಕ್ಕೆ ಅವರದೇ ಹೆಸರು. ಕಾಲಕ್ರಮದಲ್ಲಿ ಆಲ್ ಸ್ಟಾರ್ ಪಂಥ ಹುಟ್ಟಿ, ಫುಟ್‌ಬಾಲ್ ತಂಡವನ್ನು ಕೈಬಿಟ್ಟು, ಹುರಿದುಂಬಿಸುವವರೇ ಸ್ಪರ್ಧಿಗಳಾದರು. ಈಗ ಹುರಿದುಂಬಿಸುವವರನ್ನು ಹುರಿದುಂಬಿಸುವವರು ಬೇಕಲ್ಲ! ತಾರ್ಕಿಕರು ಇದಕ್ಕೆ ಅನವಸ್ಥಾ ದೋಷ ಎನ್ನುತ್ತಾರೆ. ಪರಿಹಾರ ಮುಂದಿದೆ.

ಇದು ಕ್ರೀಡೆ ಹೌದೋ ಅಲ್ಲವೋ? ಮತಭೇದವಿದೆ. 2010ರಲ್ಲಿ ಕ್ವಿನಿಪಿಯಾಕ್ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಧೀಶರು ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ ಟೈಟಲ್ ನೈನ್ ಕಾಯ್ದೆಯ ಲೆಕ್ಕಕ್ಕೆ ಇದು ಸದ್ಯ ಕ್ರೀಡೆಯಲ್ಲ ಎಂದರು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ವಿಶ್ವ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ನಡುವೆ 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಚಿಯರ್ ಅಂಗಿಯ ಮೇಲಿನ ಪಟ್ಟೆಗಳಿಗೂ ಅಂಕುಡೊಂಕು ಗೆರೆಗಳಿಗೂ ಕೃತಿಸ್ವಾಮ್ಯ ಸಲ್ಲಬಹುದೆಂದು ತೀರ್ಪಿತ್ತಿತು. ಆಟ ಆಟವೋ ಅಲ್ಲವೋ, ಅಂಗಿಯಂತೂ ಕಲೆ. ಬೆಲೆ ಕೇಳಿ ಎದೆ ಹಿಡಿದುಕೊಂಡವರು ಈ ತೀರ್ಪನ್ನು ನೆನೆದು ಚೇತರಿಸಿಕೊಳ್ಳತಕ್ಕದ್ದು.

ಇನ್ನು ಮೋಕ್ಷದ ಮೆಟ್ಟಿಲುಗಳು. ಯುಎಸ್ ಆಲ್ ಸ್ಟಾರ್ ಫೆಡರೇಶನ್ 1ರಿಂದ 7ರವರೆಗೆ ಲೆವೆಲ್‌ಗಳನ್ನು ವಿಧಿಸಿದೆ. ಒಂದರಲ್ಲಿ ಉರುಳಬಹುದು, ಕಾರ್ಟ್‌ವೀಲ್ ಹಾಕಬಹುದು. ಹಿಂದಕ್ಕೆ ಕೈಯೂರಿ ಮಗುಚುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಬೇಕಾದರೆ ಎರಡಕ್ಕೇರಬೇಕು. ಕೈಯೂರದೆ ಗಾಳಿಯಲ್ಲೇ ಲಾಗ ಹೊಡೆಯುವ ಟಕ್‌ನ ಆಸೆಯಿದ್ದರೆ ಮೂರು. ಮಗುವಿನ ಲೆವೆಲ್ ಬೇರೆ, ತಂಡದ ಲೆವೆಲ್ ಬೇರೆ ಎಂಬ ದ್ವೈತವನ್ನು ಮನಗಾಣದ ತಾಯಂದಿರು ಆಯ್ಕೆಯ ಪಟ್ಟಿ ಬಂದ ರಾತ್ರಿ ನಿದ್ದೆ ಮಾಡುವುದಿಲ್ಲ.

ಪಾತ್ರಗಳಲ್ಲಿ ಫ್ಲೈಯರ್ ಮೇಲೆ, ಬೇಸ್‌ಗಳು ಕೆಳಗೆ, ಬ್ಯಾಕ್‌ಸ್ಪಾಟ್ ಹಿಂದೆ. ಎಲ್ಲ ತಂದೆತಾಯಿಗಳ ದೃಷ್ಟಿಯಲ್ಲಿ ತಮ್ಮ ಮಗು ಹುಟ್ಟಾ ಫ್ಲೈಯರ್. ಪ್ರಸ್ತುತ ಲೇಖಕರು ಬ್ಯಾಕ್‌ಸ್ಪಾಟ್ ಪಕ್ಷಪಾತಿಗಳು. ಕಣಕಾಲು ಹಿಡಿಯುವವಳು ಅವಳು, ಲೆಕ್ಕ ಕೂಗುವವಳು ಅವಳು, ಮೇಲಿನವಳು ಕುಸಿದರೆ ತಲೆ, ಭುಜ ನೆಲಕ್ಕೆ ತಾಗದಂತೆ ಅಪ್ಪಿಕೊಳ್ಳುವವಳೂ ಅವಳೇ. ಫೋಟೋದಲ್ಲಿ ಮಾತ್ರ ಅವಳ ಜಡೆಯ ರಿಬ್ಬನ್ ಬೋ ಒಂದೇ ಕಾಣುತ್ತದೆ. ಎತ್ತರದ ಮಕ್ಕಳಿಗೆ ಈ ಯೋಗ ಸಾಮಾನ್ಯ.

ರಸವಿಚಾರ ಸುಲಭ. ನವರಸಗಳಲ್ಲಿ ಇಲ್ಲಿ ಸಲ್ಲುವುದು ಅದ್ಭುತವೊಂದೇ. ಎತ್ತಿದರೂ ಬಾಯಿ ತೆರೆದ ಅದ್ಭುತ, ಕೈ ತುಳಿದರೂ ಅದ್ಭುತ. 54 ಅಡಿ ಉದ್ದ, 42 ಅಡಿ ಅಗಲದ ಸ್ಪ್ರಿಂಗ್ ಅಂಕಣದಲ್ಲಿ ಎರಡೂವರೆ ನಿಮಿಷ ಇದನ್ನು ಮುಖದ ಮೇಲೆ ತಾಳಿಕೊಳ್ಳಬೇಕು. ಬೀಳದೆ, ಎಡವದೆ, ಒಂದು ಅಂಕವೂ ಕಡಿತವಾಗದೆ ಮುಗಿದರೆ ಅದಕ್ಕೆ ‘ಹಿಟ್ ಝೀರೋ’ ಎನ್ನುತ್ತಾರೆ. ಗಣಿತದಲ್ಲಿ ಸೊನ್ನೆ ತಂದದ್ದಕ್ಕೆ ಬೆನ್ನಿಗೆ ಬಾರಿಸಿಕೊಂಡು ಬೆಳೆದ ತಂದೆ, ಮಗಳು ಸೊನ್ನೆ ಪಡೆದಳೆಂದು ಅಪರಿಚಿತರನ್ನು ತಬ್ಬಿ ಅಳುವ ದೃಶ್ಯವನ್ನು ಈ ಕ್ರೀಡಾಂಗಣಗಳಲ್ಲಿ ಪ್ರತ್ಯಕ್ಷ ಪ್ರಮಾಣವಾಗಿ ಕಾಣಬಹುದು.

ಗೆದ್ದವರಿಗೆ ಫಲವೇನು? ‘ಬಿಡ್’. ಅಂದರೆ ಫ್ಲೋರಿಡಾದ ಆರ್ಲ್ಯಾಂಡೋದಲ್ಲಿ ಡಿಸ್ನಿಯ ಅಂಗಳದಲ್ಲಿ ನಡೆಯುವ ಇನ್ನೂ ದೊಡ್ಡ ಸ್ಪರ್ಧೆಗೆ ಹೋಗುವ ಹಕ್ಕು. ಬಹುಪಾಲು ಸ್ವಂತ ಖರ್ಚಿನಲ್ಲಿ. ಕೆಲವು ಸ್ಪರ್ಧೆಗಳಿಗೆ ಆಯೋಜಕರು ಹೇಳಿದ ಹೋಟೆಲಿನಲ್ಲೇ ತಂಗಬೇಕೆಂಬ ‘ಸ್ಟೇ ಟು ಪ್ಲೇ’ ನಿಯಮ ಬೇರೆ. ಆರ್ಲ್ಯಾಂಡೋದಲ್ಲಿರುವ ಚಿಕ್ಕಮ್ಮನ ಮನೆಯ ಖಾಲಿ ಕೋಣೆ ಶಾಸ್ತ್ರಸಮ್ಮತವಲ್ಲ.

ಇನ್ನು ಬಾಕಿಯುಳಿದ ಅನವಸ್ಥೆ. ಮಕ್ಕಳನ್ನು ಹುರಿದುಂಬಿಸುವವರು ಮೈತುಂಬ ಮಿನುಗು ಮೆತ್ತಿಕೊಂಡ ತಾಯಂದಿರು. ತಾಯಂದಿರನ್ನು ಹುರಿದುಂಬಿಸುವವರು ಬೆಳಗಿನ ಐದಕ್ಕೆ ಕಾಫಿ ತಂದುಕೊಡುವ ತಂದೆಯರು. ತಂದೆಯರಿಗೆ ಆಧಾರ ಕ್ರೆಡಿಟ್ ಕಾರ್ಡು. ಸರಪಳಿ ಅಲ್ಲಿಗೆ ನಿಲ್ಲುವುದೆಂದು ಪ್ರಾಚೀನರ ಮತ. ನವೀನರು ಒಪ್ಪುವುದಿಲ್ಲ. ಕಾರ್ಡಿಗೂ ಒಬ್ಬ ಹುರಿದುಂಬಿಸುವವನಿದ್ದಾನೆ ಎನ್ನುತ್ತಾರೆ: ‘ಅಭಿನಂದನೆಗಳು! ನಿಮ್ಮ ಸಾಲದ ಮಿತಿಯನ್ನು ಹೆಚ್ಚಿಸಲಾಗಿದೆ’ ಎಂದು ಋತುವಿನ ನಟ್ಟನಡುವೆ ಪತ್ರ ಬರೆಯುವ ಬ್ಯಾಂಕು.