ಯಂತ್ರಗಳ ಸೌಜನ್ಯ

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯ ರೈತನೊಬ್ಬ ಕಬ್ಬಿನ ಬಿಲ್ಲು ಕೇಳಿ ಕಾರ್ಖಾನೆಗೊಂದು ಇಮೇಲ್ ಕಳಿಸಿದರೆ, ಪತ್ರಗಳನ್ನು ಬಟವಾಡೆ ಮಾಡುವ ಮೇಲ್ ಸರ್ವರ್ ಅದನ್ನು ದೂರುಗಳಿಗೆ ನಂಬರು ಹಚ್ಚುವ ತಂತ್ರಾಂಶವಾದ ಹೆಲ್ಪ್‌ಡೆಸ್ಕಿಗೆ ದಾಟಿಸುತ್ತದೆ. ಬಿಲ್ಲು ಬಾರದಿದ್ದರೂ ‘ದೂರು ತಲುಪಿದೆ’ ಎಂಬ ಉತ್ತರವಂತೂ ತಕ್ಷಣ ಬರುತ್ತದೆ. ದೂರು ನೋಡಬೇಕಾದ ಗುಮಾಸ್ತನು ‘ರಜೆಯಲ್ಲಿದ್ದೇನೆ’ ಎಂಬ ಸ್ವಯಂ ಉತ್ತರವನ್ನು ಹೂಡಿಟ್ಟು ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿದ್ದರೆ, ಹೆಲ್ಪ್‌ಡೆಸ್ಕು ಅದನ್ನೂ ಹೊಸ ದೂರೆಂದು ದಾಖಲಿಸಿ ಅವನಿಗೇ ತಿಳಿಸುವುದರಿಂದ, ಎರಡು ಯಂತ್ರಗಳು ರಾತ್ರಿಯಿಡೀ ಪರಸ್ಪರ ಉಪಚರಿಸುತ್ತ ಕೂರುತ್ತವೆ. ಯಂತ್ರ ಬರೆದ ಪತ್ರಕ್ಕೆ ‘ಆಟೊ-ಸಬ್ಮಿಟೆಡ್’ ಎಂಬ ತಲೆಬರಹ ಹಚ್ಚಬೇಕು, ಅದನ್ನು ಕಂಡ ಯಂತ್ರ ಮರುತ್ತರಿಸಬಾರದು ಎಂಬ ಶಿಫಾರಸು 2004ರಲ್ಲೇ ಬಂದಿದೆ. ಯಂತ್ರಗಳ ಬಾಯಿ ಮುಚ್ಚಿಸುವ ಉಪಾಯ ಹೀಗೆ ಸಿಕ್ಕಿದೆಯಾದರೂ, ಬಿಲ್ಲಿನ ವಿಷಯದಲ್ಲಿ ಮನುಷ್ಯರ ಬಾಯಿ ಬಿಡಿಸುವ ಸೆಟ್ಟಿಂಗ್ ಮಾತ್ರ ಯಾವ ಸರ್ವರಿನಲ್ಲೂ ಇಲ್ಲ.