ಮಾನ್ಯ ಉಬ್ಬರ ರೇಖೆಯವರ ಸನ್ನಿಧಾನಕ್ಕೆ

ಕಣ್ಣಿಗೆ ಕಾಣದೆಯೂ ಕರಾವಳಿಯ ಸಕಲ ಕಡತಗಳನ್ನು ತಡೆದು ನಿಲ್ಲಿಸಬಲ್ಲ ಶ್ರೀಮನ್ಮಹಾ ಉಬ್ಬರ ರೇಖೆಯವರಿಗೆ, ಕುಂದಾಪುರಕ್ಕೂ ಹೊನ್ನಾವರಕ್ಕೂ ನಡುವೆ ಇರುವ ಮೀನುಗಾರರ ಕೇರಿಯೊಂದರ ಅಂಗನವಾಡಿ ಬಾಲವಿಕಾಸ ಸಮಿತಿಯ ಸದಸ್ಯ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಅಂಗನವಾಡಿಗೊಂದು ಕಟ್ಟಡ ಬೇಕೆಂದು ಪಂಚಾಯಿತಿಗೆ ಹೋದೆವು, ತಾಲ್ಲೂಕಿಗೆ ಹೋಗಿ ಎಂದರು. ತಾಲ್ಲೂಕಿನವರು ಜಿಲ್ಲೆಗೆ ಕಳಿಸಿದರು. ಅಲ್ಲಿ ಮೇಜಿನ ಹಿಂದೆ ಕೂತವರು ಪಡುವಣಕ್ಕೆ ಕೈ ತೋರಿಸಿ, “ಜಾಗ ಸಿಆರ್‌ಝಡ್‌ನಲ್ಲಿ, ಅಂದರೆ ಕರಾವಳಿ ನಿಯಂತ್ರಣ ವಲಯದಲ್ಲಿ ಉಂಟು, ನಮ್ಮ ಕೈಯಲ್ಲಿ ಎಂತದೂ ಇಲ್ಲ ಮಾರಾಯ್ರೆ” ಎಂದರು. ಪಡುವಣಕ್ಕೆ ನೋಡಿದರೆ ಅಲ್ಲಿದ್ದವರು ತಾವೊಬ್ಬರೇ. ಆದ್ದರಿಂದ ಈ ಪತ್ರ.

ಕೇಳುವುದು ದೊಡ್ಡದೇನಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಆಡಿ, ಉಂಡು, ಮಲಗಲು 600 ಚದರಡಿ ಜಾಗ. ಅದರಲ್ಲೇ ಒಂದು ಅಡುಗೆಕೋಣೆ, ಮಕ್ಕಳ ಅಳತೆಯ ಶೌಚಾಲಯ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ತಾವು ಸರ್ಕಾರಿ ಕಾಗದದಲ್ಲಿ ಅವತಾರ ಎತ್ತಿದ್ದು 1991ರ ಫೆಬ್ರವರಿ 19ರಂದು. ಪ್ರಾಯದಲ್ಲಿ ಅಂಗನವಾಡಿಯೇ ಅಕ್ಕ. ಆದರೂ ಅಕ್ಕನೇ ತಮ್ಮ ಮುಂದೆ ಕೈಕಟ್ಟಿ ನಿಲ್ಲಬೇಕಾಗಿದೆ.

ಸದ್ಯ ನಮ್ಮ ಅಂಗನವಾಡಿ ನಡೆಯುವುದು ಭಜನಾ ಮಂದಿರದ ಜಗಲಿಯಲ್ಲಿ. ತಾಯಂದಿರು ನಸುಕಿನಲ್ಲೇ ಧಕ್ಕೆಗೆ ಹೋಗಿ, ಏಲಂನಲ್ಲಿ ಬಂಗುಡೆಯೋ ಬೂತಾಯಿಯೋ ಸಿಕ್ಕಿದ್ದನ್ನು ಬುಟ್ಟಿಗೆ ತುಂಬಿ ಮನೆಮನೆಗೆ ಹೊರುತ್ತಾರೆ. ಮಕ್ಕಳು ದೇವರ ಸುಪರ್ದಿಯಲ್ಲಿ. ಗಂಟೆಯ ಕೊಕ್ಕೆಗೇ ತಕ್ಕಡಿ ಸಿಕ್ಕಿಸಿ ಟೀಚರ್ ಮಕ್ಕಳನ್ನು ತೂಗುವುದರಿಂದ ತಿಂಗಳಿಗೊಂದು ದಿನ ದೇವರಿಗೆ ಗಂಟೆ ಇಲ್ಲ. ಮೊಟ್ಟೆಯದು ಇನ್ನೊಂದು ಪುರಾಣ. ಸರ್ಕಾರ ಕೊಡುತ್ತದೆ, ಮಕ್ಕಳು ತಿನ್ನುತ್ತಾರೆ, ಕೇರಿಯಲ್ಲಿ ಮೀನಿಲ್ಲದೆ ಯಾರಿಗೂ ಅನ್ನ ಇಳಿಯದು. ಆದರೆ ಮಂದಿರದ ಒಳಗೆ ಮೊಟ್ಟೆ ಬೇಯಿಸುವಂತಿಲ್ಲವಲ್ಲ! ಸಹಾಯಕಿ ಅಕ್ಕ ತನ್ನ ಮನೆಯಲ್ಲಿ ಬೇಯಿಸಿ, ಸೆರಗಿನಲ್ಲಿ ಮುಚ್ಚಿ ತಂದು, ಮೆಟ್ಟಿಲ ಕೆಳಗೆ ಮಕ್ಕಳನ್ನು ಸಾಲಾಗಿ ಕೂರಿಸಿ ತಿನ್ನಿಸುತ್ತಾರೆ. ಕೈ ಬಾಯಿ ತೊಳೆದ ಮೇಲೆ ಮತ್ತೆ ಜಗಲಿಗೆ ಪ್ರವೇಶ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮನೆಯಲ್ಲಿ ಒಣಮೀನು, ಸೊಸೈಟಿ ಅಕ್ಕಿ. ಆಹಾರ ಭದ್ರತಾ ಕಾಯ್ದೆ ಮಗುವಿಗೆ ದಿನಕ್ಕೆ 500 ಕಿಲೋ ಕ್ಯಾಲರಿಯ ಊಟ-ತಿಂಡಿ ಕೊಡಿ ಎನ್ನುತ್ತದೆ. ಅದು ಅತಿ ಹೆಚ್ಚು ಬೇಕಾಗುವುದು ಆ ಎರಡು ತಿಂಗಳಲ್ಲೇ, ಎರಚಲು ಹೊಡೆದು ಜಗಲಿಯ ಒಲೆ ಹೊತ್ತದಿರುವುದೂ ಆಗಲೇ.

ಸ್ವಾಮೀ, ತಮ್ಮ ಮೇಲೆ ನನಗೆ ದ್ವೇಷವಿಲ್ಲ. ತಾವು ಇರದಿದ್ದರೆ ಬಲೆ ಒಣಗಿಸಲು ಒಂದು ಗೇಣು ಹೊಯಿಗೆಯೂ ನಮಗೆ ಉಳಿಯುತ್ತಿರಲಿಲ್ಲ, ಗೊತ್ತು. ಅದಕ್ಕೇ ತಮ್ಮ ಜಾತಕವನ್ನು ಕೂತು ಓದಿದೆ. 2011ರ ಸಿಆರ್‌ಝಡ್ ಅಧಿಸೂಚನೆಯಲ್ಲಿ ಹಳ್ಳಿಗಾಡಿನ ದಂಡೆಗೆ ತಮ್ಮಿಂದ 200 ಮೀಟರ್ ನಿಷೇಧಿತ ವಲಯವೇನೋ ಇದೆ. ಆದರೆ ಅದರೊಳಗೂ ಸ್ಥಳೀಯರಿಗೆ ಬೇಕಾದ ಶಾಲೆ, ಔಷಧಾಲಯ, ಮಳೆಗೆ ನಿಲ್ಲುವ ತಂಗುದಾಣ ಇವಕ್ಕೆಲ್ಲ ಪ್ರಕರಣವಾರು ಪರಿಶೀಲಿಸಿ ಅನುಮತಿ ಕೊಡಬಹುದು ಎಂದು ಸ್ಪಷ್ಟವಾಗಿ ಬರೆದಿದೆ. ತಾವು ಬೇಡ ಎಂದೇ ಇಲ್ಲ! ಪಾಪ, ತಮ್ಮ ಹೆಸರು ಹೇಳಿಕೊಂಡು ಬೇರೆ ಯಾರೋ ಚಹಾ ಕುಡಿಯುತ್ತಿದ್ದಾರೆ. ಇದನ್ನು ತೋರಿಸಿದ್ದಕ್ಕೆ ಆ ಮೇಜಿನವರು ಕನ್ನಡಕ ಏರಿಸಿ, “ಶಾಲೆ ಅಂತ ಉಂಟು, ಅಂಗನವಾಡಿ ಅಂತ ಎಲ್ಲುಂಟು? ಶಾಲೆ ಶಿಕ್ಷಣ ಇಲಾಖೆಯದ್ದು, ನಿಮ್ಮದು ಮಹಿಳಾ ಮತ್ತು ಮಕ್ಕಳದ್ದು” ಎಂದರು. ದುಡ್ಡಿನ ಮಾತು ಬಂದರೂ ಹೀಗೆಯೇ. ಅಂಗನವಾಡಿಗಳನ್ನು ನಡೆಸುವ ಪೋಷಣ್ 2.0 ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ಕಟ್ಟಡಕ್ಕೆ 12 ಲಕ್ಷ ರೂಪಾಯಿ, ಅದರಲ್ಲಿ 8 ಲಕ್ಷ ಉದ್ಯೋಗ ಖಾತರಿಯಿಂದ. ದುಡ್ಡಿಗೆ ಜಾಗ ತೋರಿಸಬೇಕು, ಜಾಗಕ್ಕೆ ಸಹಿ ಬೇಕು, ಸಹಿಗೆ ತಮ್ಮ ಹೆಸರು ಅಡ್ಡ.

2019ರಲ್ಲಿ ತಾವು ಸ್ವಲ್ಪ ಮೆತ್ತಗಾದಿರಿ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದ ಊರುಗಳಿಗೆ ನಿಷೇಧಿತ ವಲಯ 50 ಮೀಟರಿಗೆ ಇಳಿಯಿತು, ಉಳಿದವರಿಗೆ 200 ಮೀಟರೇ ಗಟ್ಟಿ. ನಾವು ಉಳಿದವರು. ಕುಟುಂಬ ಯೋಜನೆಯ ಗೋಡೆಬರಹ ನಂಬಿ ಎರಡಕ್ಕೇ ನಿಲ್ಲಿಸಿದವರಿಗೆ 150 ಮೀಟರ್ ದಂಡ.

ಅದೇ ಅಧಿಸೂಚನೆಯಲ್ಲಿ ಇನ್ನೊಂದು ದಾರಿಯೂ ಕಂಡಿತು. ತಮ್ಮಿಂದ ಬರೇ 10 ಮೀಟರ್ ಬಿಟ್ಟು ಪ್ರವಾಸಿಗರಿಗೆ ತಾತ್ಕಾಲಿಕ ಶ್ಯಾಕ್, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಶವರ್ ಹಾಕಬಹುದಂತೆ. ಆದ್ದರಿಂದ ನಮ್ಮ ಕೇರಿಯ ಮಕ್ಕಳನ್ನು ಪ್ರವಾಸಿಗರೆಂದು ಪರಿಗಣಿಸಬೇಕಾಗಿ ವಿನಂತಿ. ಲಕ್ಷಣಗಳೆಲ್ಲ ಇವೆ. ಬೆಳಿಗ್ಗೆ ಬರುತ್ತಾರೆ, ಹೊಯಿಗೆಯಲ್ಲಿ ಆಡುತ್ತಾರೆ, ಉಣ್ಣುತ್ತಾರೆ, ಮಧ್ಯಾಹ್ನ ಒಂದು ನಿದ್ದೆ, ಆಮೇಲೆ ಚೆಕ್‌ಔಟ್. ಬಾಟಲಿ ಒಡೆಯುವುದಿಲ್ಲ, ಡಿಜೆ ಹಾಕುವುದಿಲ್ಲ, ಸೆಲ್ಫಿಗೆಂದು ಬಂಡೆ ಹತ್ತಿ ಜೀವರಕ್ಷಕರನ್ನು ಓಡಿಸುವುದಿಲ್ಲ. ಚಡ್ಡಿ ಬದಲಿಸುವ ಕೋಣೆ ಮಾತ್ರ ಇವರಿಗೆ ಪ್ರವಾಸಿಗರಿಗಿಂತ ಜಾಸ್ತಿ ಬೇಕಾದೀತು.

ಇದೂ ಆಗದಿದ್ದರೆ “ಅಡ್ಡಿ ನಮ್ಮದಲ್ಲ” ಎಂದು ಒಂದು ಎನ್‌ಒಸಿ ಕೊಡಿ. ಅದನ್ನು ಮೇಜಿನ ಮೇಲಿಟ್ಟರೆ ಆ ಕೈ ಮುಂದೆ ಯಾವ ದಿಕ್ಕಿಗೆ ತೋರಿಸುತ್ತದೋ ನೋಡುವ ಆಸೆಯಿದೆ. ಉತ್ತರಕ್ಕೆ ಅಂಚೆಚೀಟಿ ಲಗತ್ತಿಸಿಲ್ಲ. ಮಳೆಗಾಲದಲ್ಲಿ ಹೇಗೂ ತಾವೇ ಮೆಟ್ಟಿಲವರೆಗೆ ಬರುವವರು, ಬರುವಾಗ ಕಡತವನ್ನೂ ಹಿಡಿದುಕೊಂಡು ಬನ್ನಿ.

ಇಂತಿ ತಮ್ಮ ವಿಧೇಯ,
ಬಾಲವಿಕಾಸ ಸಮಿತಿಯ ಸದಸ್ಯ

ಪ್ರತಿ: ಪಕ್ಕದ ರೆಸಾರ್ಟಿನ ವ್ಯವಸ್ಥಾಪಕರಿಗೆ, ನಮ್ಮ ಪ್ರವಾಸಿಗರು ಮಳೆ ಬಂದಾಗ ಓಡಿಬಂದರೆ ಗೇಟು ತೆಗೆಯುವಂತೆ ವಾಚ್‌ಮನ್‌ಗೆ ತಿಳಿಸಲು ಕೋರಿ.