ಹಳದಿ ಬಳಿದರೆ ನೆನಪು ಉಳಿದೀತೇ?

ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳಿಗೆ ಬಣ್ಣದ ಹುಚ್ಚು ಹಿಡಿಯುತ್ತದೆ. ಮುಖ್ಯವಾದ ಸಾಲಿಗೆ ಹಳದಿ, ಅತಿ ಮುಖ್ಯವಾದದ್ದಕ್ಕೆ ಗುಲಾಬಿ, ಅರ್ಥವಾಗದ್ದಕ್ಕೆ ಹಸಿರು. ಕೊನೆಗೆ ಬಣ್ಣ ಬೀಳದೆ ಉಳಿಯುವುದು ಪುಟಸಂಖ್ಯೆ ಒಂದೇ. ‘ಓದಿದ್ದಾಯ್ತೇನೋ?’ ಎಂದರೆ ಹುಡುಗ ‘ನಾಲ್ಕು ರಿವಿಷನ್ ಆಯ್ತು’ ಎಂದು ಎದೆಯುಬ್ಬಿಸುತ್ತಾನೆ. ಪುಸ್ತಕ ಮುಚ್ಚಿಸಿ ಒಂದು ಪ್ರಶ್ನೆ ಕೇಳಿ ನೋಡಿ. ‘ಅಯ್ಯೋ, ಬಲಗಡೆ ಪುಟ, ಮೇಲ್ಗಡೆ, ಚಿತ್ರದ ಪಕ್ಕ ಇತ್ತಪ್ಪಾ!’ ಉತ್ತರ ಮಾಯ. ಅದರ ವಿಳಾಸ ಮಾತ್ರ ಭದ್ರ.

ನಗಬೇಡಿ, ಆ ವಿಳಾಸವೂ ಸಣ್ಣ ಸಂಗತಿಯಲ್ಲ. ಜಾಗದ ಲೆಕ್ಕ ಇಡುವುದು, ಹೊಸ ನೆನಪು ಕಟ್ಟುವುದು, ಈ ಎರಡರಲ್ಲೂ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಕೈವಾಡವಿದೆ. ಕರೆಂಟ್ ಹೋದರೂ ಅಜ್ಜಿಯ ಕೈ ನೇರ ಸಾಸಿವೆ ಡಬ್ಬಿಗೇ ಹೋಗುತ್ತದೆ. ಮೊಮ್ಮಗ ಯೂಟ್ಯೂಬ್ ನೋಡಿ, ಒಂದೇ ಅಳತೆಯ ಡಬ್ಬಿಗಳನ್ನು ತಂದು ಅಡುಗೆಮನೆಯನ್ನು ‘ಚಂದ’ ಮಾಡಲಿ, ಮರುದಿನ ಪಾಯಸಕ್ಕೆ ಉಪ್ಪು ಬೀಳುತ್ತದೆ!

ಹಾಗಾದರೆ ಜಾಗ ಗೊತ್ತಿದ್ದರೆ ಸಾಕೇ? ಸಾಲದು. ಲಂಡನ್ನಿನ ಕಪ್ಪು ಟ್ಯಾಕ್ಸಿಯವರನ್ನು ಕೇಳಿ. ಲೈಸೆನ್ಸ್ ಬೇಕಾದರೆ ಅವರು ‘ನಾಲೆಜ್’ ಎಂಬ ಪರೀಕ್ಷೆ ದಾಟಬೇಕು. ಚೇರಿಂಗ್ ಕ್ರಾಸ್ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕು. ಅದಕ್ಕಾಗಿ ಮೂರು-ನಾಲ್ಕು ವರ್ಷ ಊರೆಲ್ಲ ಅಲೆಯುತ್ತಾರೆ. ಪರೀಕ್ಷಕರು ‘ಇಲ್ಲಿಂದ ಅಲ್ಲಿಗೆ’ ಎಂದರೆ ಸಾಕು, ತಿರುವು ತಿರುವನ್ನೂ ಬಾಯಲ್ಲೇ ಒಪ್ಪಿಸಬೇಕು, ನಕ್ಷೆ ನೋಡುವಂತಿಲ್ಲ. ನರವಿಜ್ಞಾನಿ ಎಲೆನರ್ ಮಗ್ವಾಯರ್ ಮತ್ತು ಸಂಗಡಿಗರು ಇಂಥ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ, ಹಿಪೊಕ್ಯಾಂಪಸ್ಸಿನ ಹಿಂಭಾಗ ಉಳಿದವರಿಗಿಂತ ದೊಡ್ಡದಿದೆಯೆಂದು 2000ದಲ್ಲಿ ಪ್ರಕಟಿಸಿದರು. 2006ರಲ್ಲಿ ಅದೇ ಊರಿನ ಬಸ್ ಚಾಲಕರ ಜೊತೆ ಹೋಲಿಸಿದಾಗಲೂ ಟ್ಯಾಕ್ಸಿಯವರದೇ ಮೇಲುಗೈ. ಇಬ್ಬರೂ ದಿನವಿಡೀ ಅದೇ ಲಂಡನ್ನಿನಲ್ಲಿ ಸುತ್ತುವವರೇ. ಆದರೆ ಬಸ್ಸಿನವರದು ಗೊತ್ತುಮಾಡಿದ ರೂಟು, ದಾರಿ ಹುಡುಕುವ ತಾಪತ್ರಯವಿಲ್ಲ. ನಾಲ್ಕು ರಿವಿಷನ್ ಶೂರ ಓಡಿಸುತ್ತಿರುವುದೂ ಇದೇ ಬಸ್ಸನ್ನೇ.

ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಈ ಶೂರರ ಬಂಡವಾಳವನ್ನೇ ಬಯಲು ಮಾಡಿದರು. ಕಾಲೇಜು ಹುಡುಗರ ಒಂದು ಗುಂಪು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಒಂದೇ ಸರದಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು. ವಾರ ಕಳೆಯಿತು ನೋಡಿ, ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ತಮಾಷೆಯೆಂದರೆ ‘ನಮಗೆ ಚೆನ್ನಾಗಿ ನೆನಪಿರುತ್ತೆ’ ಎಂಬ ಭರವಸೆ ಹೆಚ್ಚಿದ್ದದ್ದು ಓದಿದವರಿಗೇ!

ಸಂಜೆ ಜಗಲಿಯ ಮೇಲೆ ಕೂರಿಸಿ, ಮಗ್ಗಿಯ ನಡುವೆಯೇ ತಡೆದು ‘ಏಳೆಂಟ್ಲೆ ಎಷ್ಟೋ?’ ಎನ್ನುತ್ತಿದ್ದ ತಾತಂದಿರು ಇಂಥ ಲೇಖನ ಓದಿದವರಲ್ಲ. ಕೇಳಿದರೆ ತಾನೇ ತಲೆಯಿಂದ ಹೊರಬರುವುದು ಎಂಬುದು ಅವರಿಗೆ ಗೊತ್ತಿತ್ತು.

ಆದ್ದರಿಂದ ಅಪ್ಪ-ಅಮ್ಮಂದಿರೇ, ಮಗು ಓದುತ್ತಿದೆಯೆಂದು ಬಾದಾಮಿ ಹಾಲು ಹಿಡಿದು ನಿಲ್ಲುವುದನ್ನು ಬಿಡಿ. ಪುಸ್ತಕ ಕಿತ್ತುಕೊಂಡು ಖಾಲಿ ಹಾಳೆ ಕೊಡಿ. ಪಾಠದಲ್ಲಿ ಯಾವುದರ ಪಕ್ಕ ಯಾವುದಿತ್ತು, ಯಾವುದರಿಂದ ಯಾವುದಕ್ಕೆ ದಾರಿ ಎಂದು ಬರೆಸಿ. ಒದ್ದಾಡಿದರೆ ಕನಿಕರಪಡಬೇಡಿ, ಪಾಠ ತಲೆಗೆ ಹತ್ತುವುದು ಆ ಒದ್ದಾಟದಲ್ಲೇ.